ಮುಷ್ಟಿಗೆ ಕಬ್ಬಿಣ, ಹೊಟ್ಟೆಗೆ ಬೇಡ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಎಲ್ಲಿ? 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಒಂದು ಅಂಕ. ನಮ್ಮ ಮಕ್ಕಳಿಗೆ ನಿದ್ದೆಗಣ್ಣಲ್ಲೂ ಬಾಯಿಪಾಠ. ಇದನ್ನು ಕಲಿಸಿದ ಮೇಷ್ಟ್ರೇ, ಆ ಕಾಯಿಲೆ ಹರಡುವ ಉಣುಗು ಕಾಡಲ್ಲಿ ಮುತ್ತುವ ಫೆಬ್ರವರಿಯಲ್ಲಿ, ಶಾಲೆ ತೋಟಕ್ಕೆ ದರಗು ತನ್ನಿ ಎಂದು ಅದೇ ಮಕ್ಕಳನ್ನು ಕಾಡಿಗೆ ಅಟ್ಟುತ್ತಾರೆ. ಸಿಲಬಸ್ ಬೇರೆ, ಕಾಡು ಬೇರೆ.

ಹೊಸನಗರದ ಕಡೆಯ ಶಾಲೆಯೊಂದರಲ್ಲಿ ಪ್ರಾರ್ಥನೆ ಹೊತ್ತಿಗೆ ಏಳನೇ ಕ್ಲಾಸಿನ ಹುಡುಗನಿಗೆ ಫಿಟ್ಸ್ ಬಂತು. "ಕಬ್ಬಿಣ ತನ್ನಿ ಮಾರಾಯ್ರೆ!" ಎಂದು ಕೂಗಿದವರು ಯಾರು ಅಂತೀರಿ? ವಿಜ್ಞಾನದ ಮೇಷ್ಟ್ರು. ಹೆಡ್ಮಾಷ್ಟ್ರು ಬೀಗದ ಕೈ ಗೊಂಚಲನ್ನೇ ಹುಡುಗನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಹಲ್ಲಿನ ನಡುವೆ ಇಡಲು ಚಮಚ ಬೇಕೆಂದು ಬಿಸಿಯೂಟದ ಕೋಣೆಗೆ ಓಡಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಗೊಂಚಲಿನಲ್ಲಿತ್ತು. ಗೊಂಚಲು ಹುಡುಗನ ಮುಷ್ಟಿಯಲ್ಲಿ!

ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಈರುಳ್ಳಿ ಮೂಸಿಸಿದರೂ ನಿಲ್ಲುತ್ತದೆ, ನಾಡಗೀತೆ ಹಾಡಿದರೂ ನಿಲ್ಲುತ್ತದೆ. ನಿಂತಿತು. ಹೆಸರು ಬಂದದ್ದು ಗೊಂಚಲಿಗೆ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕದೆ, ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತು, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡುವುದೂ ಒಂದು ಚಿಕಿತ್ಸೆಯೇ? ಅದರಲ್ಲಿ ಮೇಷ್ಟ್ರ ಪರಾಕ್ರಮ ಎಲ್ಲಿ ಬಂತು!

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗಂಭೀರ ಚರ್ಚೆ. "ಈಗಿನ ಬೀಗದ ಕೈ ಹಿತ್ತಾಳೆ ಸಾರ್, ಶಕ್ತಿ ಸಾಲದು. ಒಂದು ಹಳೇ ಕತ್ತಿ ತಂದಿಟ್ಟುಕೊಳ್ಳೋಣ." ಹಿತ್ತಾಳೆಯಲ್ಲಿ ಕಬ್ಬಿಣವಿಲ್ಲ ಅನ್ನುವಷ್ಟು ರಸಾಯನಶಾಸ್ತ್ರ ಉಳಿದಿದೆಯಲ್ಲ, ಪುಣ್ಯ.

ನಿಜವಾದ ಕಬ್ಬಿಣ ಅದೇ ಬೀರುವಿನಲ್ಲಿ ಡಬ್ಬಗಟ್ಟಲೆ ಕೂತಿತ್ತು. ನೀಲಿ ಮಾತ್ರೆ, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಹತ್ತು ದಾಟಿದ ಮಕ್ಕಳಿಗೆ ವಾರಕ್ಕೊಂದು ಕೊಡಬೇಕು. "ಅದು ಉಷ್ಣ ಕಣ್ರೀ, ಮಲ ಕಪ್ಪಗೆ ಹೋಗುತ್ತೆ," ಎಂದು ಮೇಡಂ ಮುಟ್ಟಲಿಲ್ಲ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೋಗುತ್ತದೆ, ಹೆದರಬೇಕಿಲ್ಲ ಎಂದು ಊರಿನ ಆಶಾ ಕಾರ್ಯಕರ್ತೆ ಹೇಳಿ ನೋಡಿದಳು. ಹತ್ತನೇ ಕ್ಲಾಸು ಓದಿದವಳ ಮಾತನ್ನು ಬಿ.ಎಡ್. ಮಾಡಿದವರು ಕೇಳುತ್ತಾರೆಯೇ?

ರಿಜಿಸ್ಟರಿನಲ್ಲಿ ಎಲ್ಲರೂ ನುಂಗಿದ್ದಾರೆ. ಅವಧಿ ಮುಗಿದ ಮಾತ್ರೆ ಶಾಲೆ ಹಿಂದಿನ ದಾಸವಾಳದ ಬುಡ ಸೇರಿದೆ. ದಾಸವಾಳಕ್ಕಂತೂ ರಕ್ತಹೀನತೆ ಇಲ್ಲ. ಹುಡುಗಿಯರಿಗೆ ಇದೆಯೋ ಇಲ್ಲವೋ, ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.