ಇನ್ನೊಂದು ವಾರ ಬಿಡು

ಚಾಕು ನವಿಲುಕೋಸಿನ ಅರ್ಧದವರೆಗೆ ಇಳಿದು ನಿಂತುಬಿಟ್ಟಿದೆ. ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ. ಇದಕ್ಕೆಲ್ಲ ಕಾರಣರಾದ ನಮ್ಮನೆಯವರು ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಹೊರಗೆ ತಲೆಮರೆಸಿಕೊಂಡಿದ್ದಾರೆ.

ಬಿತ್ತಿದ್ದು ನಾನು. ಬೀಜ ದೊಡ್ಡಮ್ಮ ಕೊಟ್ಟಿದ್ದು, ಅವರು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ನೇರಳೆ ಸಿಪ್ಪೆಯ ಹಳೆಯ ತಳಿ. ಅದರ ಬೀಜ ಸಾಸಿವೆ ಡಬ್ಬಿಗೆ ಬಿದ್ದರೆ ಮತ್ತೆ ಹುಡುಕುವಂತಿಲ್ಲ. ಎಷ್ಟಾದರೂ ಎರಡೂ ಒಂದೇ ವಂಶ. ಸೆಕೆ ಇಳಿದು ಚಳಿ ಬೀಳುವ ಹೊತ್ತಿಗೆ ಅರ್ಧ ಇಂಚು ಆಳದಲ್ಲಿ ಹಾಕಿದರೆ ವಾರ ಕಳೆಯುವುದರೊಳಗೆ ಜೋಡಿ ಎಲೆ ಮೇಲೆ ಬರುತ್ತದೆ. ಆದರೆ ಹುಟ್ಟಿದ್ದನ್ನೆಲ್ಲ ಉಳಿಸಿಕೊಳ್ಳುವ ಹಾಗಿಲ್ಲ, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರಾದರೂ ಜಾಗ ಬೇಕು. ಹೆಚ್ಚಾದ ಸಸಿಗಳನ್ನು ಕೀಳಲು ಕೂತಾಗ "ಪಾಪ, ಬೆಳೀಲಿ ಬಿಡೇ" ಎಂದವರು ಇವರೇ. ಆಮೇಲೆ ಬಿಳಿ ಚಿಟ್ಟೆ ಬಂದಾಗ "ಎಷ್ಟು ಚೆಂದ ನೋಡು" ಎಂದು ಫೋಟೊ ಹಿಡಿದವರೂ ಇವರೇ. ಆ ಚೆಂದದ ಚಿಟ್ಟೆ ಎಲೆಯಡಿ ಇಟ್ಟುಹೋದ ಮೊಟ್ಟೆಯಿಂದ ಬಂದ ಹಸಿರು ಹುಳುಗಳನ್ನು ಬೆಳಗ್ಗೆ ಎದ್ದು ಕನ್ನಡಕ ಏರಿಸಿ ಒಂದೊಂದಾಗಿ ಹೆಕ್ಕಿದ್ದು ಯಾರು ಅಂತ ಬೇರೆ ಹೇಳಬೇಕೆ?

ನವಿಲುಕೋಸಿನ ದುರದೃಷ್ಟವೆಂದರೆ ಅದು ಮಣ್ಣೊಳಗೆ ಬೆಳೆಯುವುದಿಲ್ಲ. ನಾವು ಗಡ್ಡೆ ಎನ್ನುವುದು ನಿಜಕ್ಕೂ ನೆಲದ ಮೇಲೆ ಊದಿಕೊಂಡ ಕಾಂಡ. ಹೋಗುವವರು ಬರುವವರು ಎಲ್ಲರ ಕಣ್ಣಿಗೂ ಬೀಳುತ್ತದೆ. ಕ್ಯಾರೆಟ್ ಹಾಕಿದ್ದರೆ ನಾನು ಕೀಳುವ ತನಕ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ.

ಇದು ಕಂಡಿತಲ್ಲ, ನಮ್ಮನೆಯವರಿಗೆ ಹೊಸ ದಿನಚರಿಯೇ ಶುರುವಾಯಿತು. ಬೆಳಗ್ಗೆ ಕಾಫಿ ಲೋಟದ ಸಮೇತ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂರುವುದು, ಹೆಬ್ಬೆರಳಿನಿಂದ ಒತ್ತುವುದು, ತಲೆಯಾಡಿಸುವುದು. ಕೆಲವು ದಿನಗಳಲ್ಲಿ ನನ್ನ ಹೊಲಿಗೆ ಡಬ್ಬಿಯ ಟೇಪು ಕಾಣೆಯಾಯಿತು. ಹೋಗಿ ನೋಡಿದರೆ ನವಿಲುಕೋಸಿನ ಸೊಂಟದ ಅಳತೆ ನಡೆಯುತ್ತಿದೆ! ಅಳತೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ದಾಖಲಾಯಿತು. ಮೊದಲು ನಿಂಬೆಹಣ್ಣು, ಆಮೇಲೆ ಚೆಂಡು, ಕೊನೆಗೆ ಸ್ವಂತ ಮುಷ್ಟಿ ಪಕ್ಕಕ್ಕಿಟ್ಟು ತೆಗೆದ ಫೋಟೊಗಳು ನೆಂಟರ ವಾಟ್ಸ್ಆಪ್ ಗುಂಪಿಗೆ ಹೋದವು. ನಮ್ಮ ಮಗಳ ಪರೀಕ್ಷೆ ಫಲಿತಾಂಶಕ್ಕೂ ಅಲ್ಲಿ ಅಷ್ಟು ಹೆಬ್ಬೆರಳು ಬಂದಿರಲಿಲ್ಲ.

ಬಿತ್ತಿ ಸುಮಾರು ಎರಡು ತಿಂಗಳಿಗೆ, ಟೆನಿಸ್ ಚೆಂಡಿನ ಗಾತ್ರಕ್ಕೆ ಬಂದಾಗ ಕೊಯ್ಯಬೇಕು. ಅಲ್ಲಿಂದ ಮುಂದೆ ಬಿಟ್ಟರೆ, ಅದರಲ್ಲೂ ಬಿಸಿಲೇರಿದರೆ, ಬುಡದ ಕಡೆಯಿಂದ ನಾರು ಕಟ್ಟುತ್ತಾ ಬರುತ್ತದೆ. ಸರಿಯಾದ ಹೊತ್ತಿಗೇ ನಾನು ಚಾಕು ಹಿಡಿದು ಹೊರಟೆ.

"ಈಗಲೇ? ಇನ್ನೊಂದು ವಾರ ಬಿಡು."

ವಾರ ಬಿಟ್ಟು ಹೋದೆ. "ಇಷ್ಟು ದಿನ ಕಾದಿದ್ದೀಯ, ಇನ್ನೊಂದು ವಾರ ಬಿಡು." ಅವರ ವಾರಕ್ಕೆ ಭಾನುವಾರವೇ ಬರುವುದಿಲ್ಲ. ನಾರು ಬರುತ್ತೆ ಕಣ್ರೀ ಎಂದರೆ ಮೊಬೈಲು ತೆಗೆದು ಯಾರೋ ತಲೆಗಿಂತ ದೊಡ್ಡ ನವಿಲುಕೋಸನ್ನು ಅಪ್ಪಿಕೊಂಡು ನಿಂತ ವಿಡಿಯೊ ತೋರಿಸಿದರು. ಅದು ಚೆಕ್ ದೇಶದ 'ಗಿಗಾಂಟ್' ಎಂಬ ತಳಿ, ಕಿಲೋಗಟ್ಟಲೆ ತೂಗಿದರೂ ಎಳೆಯದಾಗಿಯೇ ಇರುತ್ತದೆ. ನಮ್ಮದು ಆ ಜಾತಿಯಲ್ಲ ಎಂದೆ. "ಪ್ರೋತ್ಸಾಹ ಕೊಟ್ಟರೆ ಇದೂ ಆಗುತ್ತೆ" ಎಂದರು. ಮಕ್ಕಳನ್ನು ಬೆಳೆಸುವಾಗ ಎಲ್ಲಿತ್ತೋ ಈ ಪ್ರೋತ್ಸಾಹ.

ಮಧ್ಯೆ ಒಂದು ದಿನ ಅವರು ಊರಲ್ಲಿರಲಿಲ್ಲ. ಹಿಂದಿನ ಸಾಲಿನಿಂದ ಒಂದನ್ನು ಕೊಯ್ದು, ಸಿಪ್ಪೆ ಹೆರೆದು, ನಿಂತಲ್ಲೇ ತಿಂದೆ. ಹೊರಗೆ ನೇರಳೆ, ಒಳಗೆ ಬೆಳ್ಳಗೆ, ಕಚ್ಚಿದರೆ ಕರುಂ ಎನ್ನುತ್ತದೆ, ತಿಳಿಯಾದ ಸಿಹಿ. ದೊಡ್ಡಮ್ಮನಿಗೆ ಫೋನ್ ಮಾಡಿದರೆ ಅವರು ಕೇಳುವುದು ಇಷ್ಟೇ: "ನಾರಾಗೋ ಮುಂಚೆ ಕೊಯ್ದ್ಯೇನೇ?" ಅವರಿಗೀಗ ಬಗ್ಗಲು ಆಗುವುದಿಲ್ಲ, ಮಡಿ ಮಾಡಿ ವರ್ಷಗಳಾದವು. ಮೊದಲೆಲ್ಲ ಔಷಧಿ ಬಾಟಲಿಗೆ ಬೀಜ ತುಂಬಿ, ಹೆಸರು, ಇಸವಿ ಬರೆದ ಚೀಟಿ ಅಂಟಿಸಿ ಕೊಡುತ್ತಿದ್ದರು. ಈ ಬಾಟಲಿಯ ಚೀಟಿಯಲ್ಲಿ ಅಕ್ಷರ ಸೊಟ್ಟಗಿದೆ, ಇಸವಿ ಇಲ್ಲ. ಈ ಬೀಜ ಚೆನ್ನಾಗಿ ಹುಟ್ಟುವುದು ನಾಲ್ಕು ವರ್ಷದ ತನಕ. ಬಾಟಲಿಯಲ್ಲಿ ಉಳಿದದ್ದು ತಳ ಮುಚ್ಚುವಷ್ಟು.

ಈ ಮಾತನ್ನು ಇವರ ಹತ್ತಿರ ಆಡಬಾರದಿತ್ತು. ನೀರು ಹಾಕಿ ಮುಗಿಸಿ ಈಗಷ್ಟೇ ಒಳಗೆ ಬಂದವರು ತೀರ್ಪು ಕೊಟ್ಟರು: ಮೂಲೆಯಲ್ಲಿ ಉಳಿದಿರುವ ದೊಡ್ಡದನ್ನು ತಾವು ಬೀಜಕ್ಕೆಂದೇ ಬಿಟ್ಟಿದ್ದಂತೆ! ಟೇಪು ಹಿಡಿದವರ ಬಾಯಲ್ಲಿ ಬೀಜದ ಮಾತು ಬಂದದ್ದು ಇದೇ ಮೊದಲು. ಅದು ಹೂ ಬಿಡಬೇಕಾದರೆ ವಾರಗಟ್ಟಲೆ ಚಳಿ ಚೆನ್ನಾಗಿ ತಾಗಬೇಕು, ಹೂ ಬಿಟ್ಟರೂ ತನ್ನ ಪರಾಗ ತನಗೆ ಒಗ್ಗುವುದಿಲ್ಲ, ಒಂಟಿ ಗಿಡದಲ್ಲಿ ಬೀಜ ಕಟ್ಟುವುದು ಅಷ್ಟಕ್ಕಷ್ಟೇ, ಹತ್ತಿರದಲ್ಲಿ ಎಲೆಕೋಸೋ ಹೂಕೋಸೋ ಹೂ ಬಿಟ್ಟಿದ್ದರೆ ಅದರ ಜೊತೆ ಬೆರೆತು ಇನ್ನೇನೋ ಹುಟ್ಟುತ್ತದೆ ಎಂದು ಬಿಡಿಸಿ ಹೇಳಿದೆ.

ಅವರ ಮುಖ ಅರಳಿತು. "ಹಾಗಾದ್ರೆ ಪಕ್ಕದವನ್ನೂ ಮುಟ್ಟಬೇಡ. ಜೊತೆ ಬೇಕಲ್ಲ!"

ಪಕ್ಕದವು ನಾನು ತಡವಾಗಿ ಬಿತ್ತಿದವು, ಇವತ್ತಿಗೆ ಸರಿಯಾಗಿ ಹದಕ್ಕೆ ಬಂದಿವೆ. ಬೀಜಕ್ಕೆ ಯಾವುದು, ಬಾಯಿಗೆ ಯಾವುದು ಎಂದು ವಾದಿಸಲು ಹೋಗಲಿಲ್ಲ. ಅವರು ಸ್ನಾನಕ್ಕೆ ಹೋಗುವುದನ್ನು ಕಾಯುತ್ತಿದ್ದೇನೆ.