ಇರಲಿ ಬಿಡು, ಬೇಕಾದೀತು

ನನಗೆ ಬಂದಿದ್ದ ಕಾಗದವೊಂದು ಕಳೆದ ತಿಂಗಳು ತಪ್ಪಿ ನೆರೆಮನೆಗೆ ಹೋಗಿತ್ತು. ಅದನ್ನು ಕೊಡಲು ಬಂದ ಆ ಮನೆಯ ಹಿರಿಯರು ಬಾಗಿಲಲ್ಲೇ ನಿಂತು ಒಳಗೆ ಒಮ್ಮೆ ಕಣ್ಣಾಡಿಸಿ, "ಮನೆ ಖಾಲಿ ಮಾಡುತ್ತಿದ್ದೀರಾ?" ಎಂದು ಕೇಳಿದರು. ದನಿಯಲ್ಲಿ ಕುಹಕವಿರಲಿಲ್ಲ, ಗೋಡೆಗೆ ಒರಗಿಸಿದ ರಟ್ಟಿನ ಪೆಟ್ಟಿಗೆಗಳನ್ನೂ ಕುರ್ಚಿಯ ಮೇಲಿನ ಬಟ್ಟೆಯ ಗುಡ್ಡೆಯನ್ನೂ ಕಂಡ ಯಾರಿಗಾದರೂ ಬರಬಹುದಾದ ಅನುಮಾನವದು. ಈ ಮನೆಗೆ ಬಂದು ಆರು ವರ್ಷವಾಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಮನೆಯನ್ನು ನಾನು ಕಂಡಿದ್ದೇನೆ. ಬೀಗದ ಕೈಗೊಂದು ಮೊಳೆ, ಕತ್ತರಿಗೊಂದು ಗೂಡು. ಬಂದ ಕಾಗದ ಬಂದ ದಿನವೇ ಕಡತಕ್ಕೋ ಕಸದ ಬುಟ್ಟಿಗೋ ಸೇರುತ್ತದೆ. ಹೊರನಾಡಿಗೆ ಬಂದ ಹೊಸತರಲ್ಲಿ ಇಂಥ ಮನೆಗಳನ್ನು ನೋಡಿ, ಇದು ಮನೆಯೋ ಆಸ್ಪತ್ರೆಯೋ ಎಂದು ಒಳಗೊಳಗೇ ನಕ್ಕವನು ನಾನು. ಈಗ ಅಲ್ಲಿ ಹೋಗಿ ಕುಳಿತರೆ, ಕಾರಣ ತಿಳಿಯದೆಯೇ ಉಸಿರು ನಿಧಾನವಾಗುತ್ತದೆ.

ನಾನು ಬೆಳೆದ ಮನೆಯಲ್ಲಿ ಯಾವ ವಸ್ತುವಿಗೂ ಬಿಡುಗಡೆಯಿರಲಿಲ್ಲ. ಹಿಡಿ ಮುರಿದ ಕೊಡೆ, ನಿಂತುಹೋದ ಗಡಿಯಾರ, ಯಾವ ಡಬ್ಬಿಯದೆಂದು ಯಾರಿಗೂ ಗೊತ್ತಿಲ್ಲದ ಮುಚ್ಚಳ, ಎಲ್ಲಕ್ಕೂ ಒಂದೇ ತೀರ್ಪು: "ಇರಲಿ ಬಿಡು, ಬೇಕಾದೀತು." ಅದನ್ನು ನಾವು ಉಳಿತಾಯವೆಂದು ಹೆಮ್ಮೆಪಟ್ಟುಕೊಂಡೆವು. ನನಗೀಗ ಅದು ಬರಿಯ ಮುಂದೂಡಿಕೆಯಾಗಿ ಕಾಣುತ್ತದೆ. ಎಸೆಯುವುದೋ, ರಿಪೇರಿ ಮಾಡಿಸುವುದೋ, ಯಾರಿಗಾದರೂ ಕೊಡುವುದೋ ಎಂದು ತೀರ್ಮಾನಿಸದೆ ಬಿಟ್ಟ ಪ್ರತಿಯೊಂದು ವಸ್ತುವೂ ಮೂಲೆಯಲ್ಲಿ ಕುಳಿತು, ನಾವು ಎದುರು ಹಾದಾಗಲೆಲ್ಲ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಕೆಲಸದಿಂದ ದಣಿದು ಬಂದ ಸಂಜೆ ಅಂಥ ನಲವತ್ತು ಪ್ರಶ್ನೆಗಳ ನಡುವೆ ಕೂರುವವನಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು?

ಹಾಗಿದ್ದರೆ ಊರಿನ ಮನೆಯಲ್ಲಿ ಈ ಕಿರಿಕಿರಿ ಏಕಿರಲಿಲ್ಲ ಎಂಬುದು ಬಹಳ ಕಾಲ ನನಗೆ ಬಿಡಿಸದ ಒಗಟಾಗಿತ್ತು. ಅಲ್ಲಿ ನಾವು ಹುಡುಕುತ್ತಲೇ ಇರಲಿಲ್ಲ, ಕೂಗುತ್ತಿದ್ದೆವು. "ಅಮ್ಮಾ, ಸೂಜಿ ಎಲ್ಲಿ?" ಎಂದರೆ ಹಿತ್ತಲಿನಿಂದಲೇ, "ಕಪಾಟಿನ ಎರಡನೇ ಖಾನೆ, ನೀಲಿ ಡಬ್ಬಿಯ ಅಡಿಗೆ" ಎಂಬ ಉತ್ತರ ಬರುತ್ತಿತ್ತು. ಆ ಮನೆಗೂ ಒಂದು ವ್ಯವಸ್ಥೆಯಿತ್ತು. ಆದರೆ ಅದಷ್ಟೂ ಒಬ್ಬರ ತಲೆಯೊಳಗಿತ್ತು. ಹಳೆಯ ಪೇಪರಿನ ರಾಶಿಯ ಪಕ್ಕದಲ್ಲೇ ಅಪ್ಪ ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದರು. ಅದೇ ಕೋಣೆಯಲ್ಲಿ ಅಮ್ಮ ಕುಳಿತರೆ ಐದು ನಿಮಿಷಕ್ಕೊಮ್ಮೆ ಏಳುತ್ತಿದ್ದರು.

ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ಎಂಬ ಇಬ್ಬರು ಸಂಶೋಧಕಿಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ನನಗೆ ನೆನಪಾದದ್ದು ಈ ದೃಶ್ಯವೇ. ಇಬ್ಬರೂ ದುಡಿಯುವ ಸಂಸಾರಗಳ 60 ಮಂದಿ ಗಂಡ-ಹೆಂಡಿರು ತಮ್ಮ ಮನೆಯನ್ನು ಸುತ್ತಿ ತೋರಿಸುತ್ತ ಆಡಿದ ಮಾತುಗಳನ್ನು ಅವರು ಪರಿಶೀಲಿಸಿದ್ದರು. ಮನೆ ಅಸ್ತವ್ಯಸ್ತವಾಗಿದೆ, ಕೆಲಸ ಅರ್ಧಕ್ಕೆ ನಿಂತಿದೆ ಎಂಬರ್ಥದ ಮಾತನ್ನು ಹೆಚ್ಚಾಗಿ ಆಡಿದ ಹೆಂಗಸರಲ್ಲಿ, ಹೊತ್ತು ಇಳಿದಂತೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಷ್ಟಾಗಿ ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಅಂಥ ನಂಟು ಕಾಣಲಿಲ್ಲ. ನಮ್ಮ ಮನೆಯಲ್ಲಿ ಕಿರಿಕಿರಿ ಇರಲಿಲ್ಲವೆಂದು ನಾನು ಅಂದುಕೊಂಡದ್ದು, ಅದು ನನ್ನ ಪಾಲಿಗೆ ಬಂದಿರಲಿಲ್ಲವೆಂಬ ಕಾರಣಕ್ಕೆ. ಇಲ್ಲಿ ಕೂಗಿದರೆ ಓಗೊಡುವವರಿಲ್ಲ. ಕೂಡಿಡುವ ಅಭ್ಯಾಸ ಅಮ್ಮನಿಂದ ಬಂತು, ಆ ನೆನಪಿನ ಶಕ್ತಿ ಬರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮನಸ್ಸಿಲ್ಲದಿದ್ದರೂ ಒಪ್ಪಬೇಕಾದ ಒಂದು ಸಂಗತಿಯಿದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಿಂಗ್‌ಪಾಂಗ್ ಚೆಂಡಿಗೆ ಹೊಸ ಉಪಯೋಗಗಳನ್ನು ಯೋಚಿಸಲು ಹೇಳಿದಾಗ, ಅಚ್ಚುಕಟ್ಟಾದ ಕೋಣೆಯಲ್ಲಿದ್ದವರಿಗಿಂತ ಹರವಿಕೊಂಡ ಕೋಣೆಯಲ್ಲಿದ್ದವರಿಗೆ ಹೆಚ್ಚು ಸೃಜನಶೀಲ ಉಪಾಯಗಳು ಹೊಳೆದವು. ನಮ್ಮ ಮನೆಯ ಅಟ್ಟಕ್ಕೆ ಇಷ್ಟಾದರೂ ಸಮರ್ಥನೆ ಸಿಕ್ಕಿತಲ್ಲ ಎಂದು ನನಗೆ ಗುಟ್ಟಾಗಿ ಸಂತೋಷವಾದದ್ದು ನಿಜ.

ಮೊನ್ನೆ ಭಾನುವಾರ ಅದೇ ಹಿರಿಯರು ಮತ್ತೆ ಬಾಗಿಲು ತಟ್ಟಿ, ಮುರಿದ ಕಿಟಕಿಯ ಕೊಂಡಿಗೆ ಹೊಂದುವ ಹಳೆಯ ಕಾಲದ ತಿರುಪು ಎಲ್ಲಿ ಸಿಕ್ಕೀತೆಂದು ವಿಚಾರಿಸಿದರು. ಅವರನ್ನು ಕೂರಿಸಿ, ಮೂರು ಪೆಟ್ಟಿಗೆಗಳನ್ನು ನೆಲಕ್ಕೆ ಸುರಿದು, ಮುಕ್ಕಾಲು ಗಂಟೆ ಹುಡುಕಿ ಕೊಟ್ಟೆ. ಅದು ಸರಿಯಾಗಿ ಹೊಂದಿತು. ಪೆಟ್ಟಿಗೆಗಳನ್ನು ವಿಲೇವಾರಿ ಮಾಡಬೇಕೆಂದು ಅದೇ ವಾರ ಮಾಡಿದ್ದ ಸಂಕಲ್ಪ ಅಲ್ಲಿಗೇ ನಿಂತಿದೆ. ಸುರಿದದ್ದು ಇನ್ನೂ ನೆಲದ ಮೇಲೆಯೇ ಇದೆ.