ಅವಳು ಸಹಿ ಹಾಕಲಿಲ್ಲ

ಇವತ್ತು ಆಫೀಸಿನಲ್ಲಿ ನಡೆದದ್ದು ತಲೆಯಿಂದ ಹೋಗುತ್ತಿಲ್ಲ. ತಾನು ನೋಡದ ಕೆಲಸಕ್ಕೆ ‘ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕಲು ಹೊಸದಾಗಿ ಸೇರಿದ ಹುಡುಗಿ ಒಪ್ಪಲಿಲ್ಲ. ಜಗಳ ಮಾಡಲಿಲ್ಲ, ಭಾಷಣ ಬಿಗಿಯಲಿಲ್ಲ. “ನಾನು ನೋಡೇ ಇಲ್ಲ ಸರ್, ಹೇಗೆ ಹಾಕಲಿ?” ಅಂದಳು, ಅಷ್ಟೇ. ಅವಳು ಆಚೆ ಹೋದದ್ದೇ ತಡ, ಉಳಿದವರ ಮಾತು ಶುರುವಾಯಿತು. “ಪಾಪ, ತನ್ನನ್ನು ತಾನೇ ಕಟ್ಟಿಹಾಕಿಕೊಂಡಿದ್ದಾಳೆ. ಸ್ವಲ್ಪ ಫ್ರೀಯಾಗಿ ಇರೋದು ಕಲಿಯಬೇಕು.”

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಟ್ಟಿಹಾಕಿಕೊಂಡವರು ಯಾರು? ಅವಳು ಸಂಜೆ ಬ್ಯಾಗ್ ಹೆಗಲಿಗೇರಿಸಿ ಆರಾಮಾಗಿ ಮನೆಗೆ ಹೋದಳು. ಉಳಿದವರು ನಾಳೆ ಯಾರಾದರೂ ಕೇಳಿದರೆ ಏನು ಹೇಳೋದು ಎಂದು ಕತ್ತಲಾಗುವವರೆಗೂ ಗುಸುಗುಸು ಮಾಡುತ್ತಿದ್ದರು.

ನಾನು ಹಿಂದಿನ ಕೆಲಸ ಬಿಟ್ಟದ್ದು ನಿಮಗೆಲ್ಲ ಗೊತ್ತು. ಬಿಟ್ಟದ್ದಲ್ಲ, ಬಿಡಿಸಿದ್ದು. ಅದನ್ನು ಇವತ್ತು ಹೇಳಿಬಿಡುತ್ತೇನೆ. ಅಲ್ಲಿ ನಾನೂ ಇಂಥದ್ದೇ ಒಂದು ಸಹಿ ಹಾಕಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಆದರೆ ಎರಡು ವರ್ಷ ಫೋನ್ ಬಂದಾಗಲೆಲ್ಲ ಎದೆ ಧಸಕ್ ಎನ್ನುತ್ತಿತ್ತು. ಪ್ರಾರ್ಥನೆಗೆ ಕೂತರೆ ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಮನಸ್ಸು ಹತ್ತಿರ ಬರುತ್ತಿರಲಿಲ್ಲ. ದೇವರು ಶಿಕ್ಷೆ ಕೊಡುತ್ತಾನೆ ಎಂಬ ಹೆದರಿಕೆ ಅಲ್ಲ ಅದು. ಅವನ ಮುಂದೆಯೂ ಸುಳ್ಳು ಮುಖ ಹೊತ್ತು ಕೂತಿದ್ದೇನೆ ಎಂಬ ಸಂಕಟ. ಕೊನೆಗೆ ಹೋಗಿ ನಿಜ ಹೇಳಿದೆ. ಕೆಲಸ ಹೋಯಿತು. ಆ ರಾತ್ರಿ ಮಗುವಿನ ಹಾಗೆ ಮಲಗಿದೆ.

“ಇದೆಲ್ಲ ಒಂಟಿ ಜನಕ್ಕೆ ಸರಿ, ಸಂಸಾರ ಇರುವವರು ಏನು ಮಾಡಬೇಕು?” ಅಂತ ಕೇಳುತ್ತೀರಿ, ಅಲ್ವಾ? ಆಸ್ಟ್ರಿಯಾದ ರೈತ ಫ್ರಾಂಜ್ ಯೆಗರ್‌ಸ್ಟೆಟರ್‌ಗೂ ಇದನ್ನೇ ಕೇಳಿದರು. ಹಿಟ್ಲರನ ಪರ ಯುದ್ಧ ಮಾಡುವುದು ತನ್ನ ನಂಬಿಕೆಗೆ ಒಗ್ಗುವುದಿಲ್ಲ ಎಂದವನು ಅವನು. ಮನೆಯಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳು. ಊರಿನವರಿರಲಿ, ಬಿಷಪ್ಪರೇ ಸಂಸಾರದ ಮುಖ ನೋಡು ಅಂದರು. ಹೆಂಡತಿ ಫ್ರಾನ್ಸಿಸ್ಕಾ ಮೊದಲು ಬೇಡ ಅಂದಳು, ಆಮೇಲೆ ಅವನ ಜೊತೆ ಗಟ್ಟಿಯಾಗಿ ನಿಂತಳು. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಮನಸ್ಸಿಗೆ ಬೇಡಿ ಬೀಳುವುದಕ್ಕಿಂತ ಕೈಗೆ ಬಿದ್ದಿರುವುದೇ ವಾಸಿ ಎಂದು ಅವನು ಜೈಲಿನಲ್ಲಿ ಬರೆದಿಟ್ಟಿದ್ದ.

ನಮ್ಮ ಹತ್ತಿರ ಯಾರೂ ಪ್ರಾಣ ಕೇಳುತ್ತಿಲ್ಲ. ಆದರೂ ನಾವು ಸಂಸಾರವನ್ನು ಅಡ್ಡ ಹಿಡಿಯುತ್ತೇವೆ. ನನಗೂ ಮನೆಯಿದೆ, ಸಾಲವಿದೆ, ಮಕ್ಕಳಿದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ, ಆ ಎರಡು ವರ್ಷ ಮಕ್ಕಳ ಜೊತೆ ಕೂತಿದ್ದರೂ ನಾನು ಅವರ ಜೊತೆ ಇರಲಿಲ್ಲ.

ಆ ಫೈಲು ನಾಳೆ ನನ್ನ ಮೇಜಿಗೆ ಬರುತ್ತದಂತೆ. ಬರಲಿ. ಆ ಕೆಲಸವನ್ನು ನಾನೂ ನೋಡಿಲ್ಲ.